ಹದಿನಾಲ್ಕನೇ ರೀಲು

ತುಮಕೂರು
3 ಆಗಸ್ಟ್ 1997

ಅಡವಿಯಪ್ಪನಿಗೆ,

ಈ ಕೈಬರಹ ಗುರುತು ಸಿಗದಿದ್ದರೆ ಮೊದಲು ಕೊನೆಗೆ ಹೋಗಿ ಸಹಿ ನೋಡಿಕೋ. ಆಮೇಲೂ ಓದುವ ಮನಸ್ಸಿದ್ದರೆ ಮುಂದುವರಿಸು. ಮೂವತ್ತು ವರ್ಷಗಳಿಂದ ನಿನಗೆ ಒಂದು ಸಾಲು ಬರೆದವನಲ್ಲ. ಈಗ ಬರೆಸುತ್ತಿರುವುದು ನಿನ್ನ ಮೇಲಿನ ಪ್ರೀತಿಯಲ್ಲ, ಇಲ್ಲಿನ ಚಿತ್ರಮಿತ್ರ ಬಳಗದವರ ಕಾಟ.

ಬರುವ ಸಂಕ್ರಾಂತಿಯ ಸುಮಾರಿಗೆ ಅವರು ನನಗೆ ಸನ್ಮಾನ ಮಾಡುತ್ತಾರಂತೆ. ಕಾರ್ಯದರ್ಶಿ ಲಕ್ಷ್ಮೀಕಾಂತ್ ಎಂಬಾತ ಬ್ಯಾಂಕಿನಲ್ಲಿದ್ದಾನೆ. ಭಾನುವಾರ ಬಂತೆಂದರೆ ನಾನಿರುವ ನನ್ನ ಮಗಳು ಶಾಂತಲಾಳ ಮನೆಗೆ ಬಂದು, ನನ್ನ ಬಲಗಿವಿಯ ಹತ್ತಿರ ಬಗ್ಗಿ ಕೂಗುತ್ತಾನೆ. ಎಡಗಿವಿಯಲ್ಲಿ ಅಷ್ಟಿಷ್ಟು ಕೇಳುತ್ತದೆ, ಬಲಗಿವಿ ಪೂರ್ತಿ ಹೋಗಿದೆ ಎಂದು ಹೇಳಿ ಹೇಳಿ ಸಾಕಾಗಿದೆ. ತಲೆಯಾಡಿಸುತ್ತಾನೆ, ಮತ್ತೆ ಬಲಗಡೆಗೇ ಬರುತ್ತಾನೆ. ಮಾತನಾಡುವ ಚಿತ್ರ ತೆಗೆದವನ ಗತಿ ಇದು. ಆದ್ದರಿಂದ ಫೋನು ಗೀನು ಮಾಡಬೇಡ. ಬೈಯುವುದಿದ್ದರೂ ಬರೆದು ಬೈ.

ಆಮಂತ್ರಣದ ಕರಡು ಅಚ್ಚು ತಂದು ತೋರಿಸಿದ. 'ಹಿರಿಯ ಹಾಸ್ಯನಟ' ಎಂದಿದೆ. ನಾನು ಜನ್ಮದಲ್ಲಿ ಹಾಸ್ಯ ಮಾಡಿದವನಲ್ಲ, ಅದು ನಿನಗೆ ಗೊತ್ತು. ನಿಟ್ಟೂರಿನಿಂದ ಗುಬ್ಬಿಗೆ ಬಂದು ನಾವಿಬ್ಬರೂ ಒಂದೇ ವರ್ಷ ನಾಟಕದ ಕಂಪನಿ ಸೇರಿದೆವು. ನೀನು ಪರದೆ ಎಳೆದೆ, ನಾನು ಗಂಟಲು ಒಡೆಯುವವರೆಗೆ ದ್ರೌಪದಿಯಾದೆ. ಒಡೆದ ಮೇಲೆ ಅರ್ಜುನನಾದೆ. ಐವತ್ತೆರಡರಲ್ಲಿ ಮದರಾಸಿಗೆ ಹೋಗಿ, ರಟ್ಟಿನ ಕಿರೀಟ ಹೊತ್ತು ಯಾರು ಯಾರದೋ ಚಿತ್ರಗಳಲ್ಲಿ ದೇವೇಂದ್ರನಾಗಿ ನಿಂತೆ. ನಿಂತಲ್ಲಿಂದಲೇ ಕ್ಯಾಮೆರಾ ಎಲ್ಲಿಡುತ್ತಾರೆ, ಯಾಕೆ ಇಡುತ್ತಾರೆ ಎಂದು ಕಲಿತೆ. ಅರವತ್ತೆರಡರಲ್ಲಿ ನಾನೇ ನಿರ್ದೇಶಿಸಿ, ನಾನೇ ನಿರ್ಮಿಸಿ 'ಬೆಳಗಿನ ನೀರು' ತೆಗೆದೆ. ಇಷ್ಟಕ್ಕೆಲ್ಲ ಆಮಂತ್ರಣದಲ್ಲಿರುವುದು ಅರ್ಧ ಸಾಲು: 'ಒಂದು ಚಿತ್ರವನ್ನೂ ತಯಾರಿಸಿರುತ್ತಾರೆ.'

ಆ ಅರ್ಧ ಸಾಲನ್ನೇ ನಾನು ಹಿಡಿದುಕೊಂಡೆ. ಶಾಲು ಬೇಡ, ಪೇಟ ಬೇಡ, ಚಿತ್ರ ತೋರಿಸಿ ಎಂದೆ. ಥಿಯೇಟರಿನ ಒಂದು ಬೆಳಗಿನ ಆಟ ಬಿಡಿಸಿಕೊಡಲು ಒಪ್ಪಿದ್ದಾರೆ. ಉಳಿದಿರುವ ಪ್ರಿಂಟು ಒಂದೇ, ಅದು ನಿನ್ನ ಹತ್ತಿರ ಇದೆ ಎಂದು ಕೇಳಿದ್ದೇನೆ. ಅದು ನನಗೆ ಬೇಕು. ನೀನು ಕತ್ತರಿಸಿ ತೆಗೆದ ಹದಿನಾಲ್ಕನೇ ರೀಲಿನ ಸಮೇತ ಬೇಕು. ಕುಣಿಗಲ್ ಕೆರೆಯ ಮಂಜಿನಲ್ಲಿ ನಾಯಕಿಯಾಗಿದ್ದ ನನ್ನ ಮಂಗಳಾ ನೀರಿಗೆ ಇಳಿಯುವುದು, ಮುಳುಗುವ ಮುನ್ನ ಒಮ್ಮೆ ತಿರುಗಿ ನೋಡುವುದು. ಆ ನೋಟಕ್ಕಾಗಿಯೇ ನಾನು ಆ ಚಿತ್ರ ತೆಗೆದದ್ದು. ಬೆಂಗಳೂರಿನ ಪತ್ರಿಕೆಯೊಂದು ಆ ನೋಟದ ಮೇಲೆಯೇ ಒಂದು ಪ್ಯಾರಾ ಬರೆದಿತ್ತು.

ನನ್ನ ಕಣ್ಣೂ ಮಂಜಾಗುತ್ತಿದೆ. ಹೋಗುವ ಮುಂಚೆ ಇಡೀ ಚಿತ್ರವನ್ನು ಒಮ್ಮೆ ನೋಡಬೇಕು. ಮೊಮ್ಮಕ್ಕಳಿಗೆ ಅವರ ಅಜ್ಜಿಯನ್ನು ತೋರಿಸಬೇಕು.

ಇಂತಿ,
ನಿಟ್ಟೂರು ನರಸಿಂಹಯ್ಯ
ನಟ, ನಿರ್ದೇಶಕ, ನಿರ್ಮಾಪಕ

*

ಹುಲಿಯೂರುದುರ್ಗ
17 ಆಗಸ್ಟ್ 1997

ನರಸಿಂಹನಿಗೆ,

ಸಹಿ ನೋಡುವ ಅಗತ್ಯ ಬೀಳಲಿಲ್ಲ. ವಿಳಾಸದಲ್ಲಿ 'ಟೆಂಟ್ ಅಡವಿಯಪ್ಪ' ಎಂದು ಬರೆದು ಅದರ ಕೆಳಗೆ ಗೆರೆ ಎಳೆಯುವವನು ನೀನೊಬ್ಬನೇ. ಪೋಸ್ಟ್‌ಮ್ಯಾನ್ ಕವರು ಕೊಟ್ಟು, "ಟೆಂಟ್ ಎಲ್ಲೈತೆ ಯಜಮಾನ್ರೇ, ನಾನೂ ನೋಡ್ಲಿಲ್ವಲ್ಲ" ಎಂದು ನಕ್ಕು ಹೋದ. ಟೆಂಟು ಮುಚ್ಚಿದ್ದೇನೆ. ಕಂಬಗಳನ್ನು ಮದುವೆ ಶಾಮಿಯಾನದವರು ಒಯ್ದರು. ಕ್ಯಾನ್ವಾಸು ಕೊಬ್ಬರಿ ಮಂಡಿಯಲ್ಲಿ ಮಳೆಗೆ ಹೊದಿಕೆಯಾಗಿದೆ. ಮನೆಮನೆಗೂ ಕೇಬಲ್ ಬಂದ ಮೇಲೆ ಮರಳಿನ ಮೇಲೆ ಕೂತು ಸಿನಿಮಾ ನೋಡುವವರು ಯಾರು?

ನಿನ್ನ ಕಾಗದವನ್ನು ದೊಡ್ಡಗಂಗಮ್ಮನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಇನ್ನೂ ಅದೇ ಕೊಬ್ಬು ಐತೆ ಬುಡು, ಚೆನ್ನಾಗವ್ರೆ" ಎಂದಳು. ಅಷ್ಟು ಹೊತ್ತೂ ನನ್ನ ಹೆಂಡತಿ ನಿನ್ನ ಆರೋಗ್ಯದ ಬಗ್ಗೆಯೇ ಯೋಚಿಸುತ್ತಿದ್ದಳು ಎಂದು ಆಗ ಗೊತ್ತಾಯಿತು.

ಪ್ರಿಂಟು ನನ್ನ ಅಟ್ಟದ ಮೇಲಿದೆ. ಹಂಚಿಕೆದಾರರ ಕಂಪನಿ ಮುಚ್ಚಿದಾಗ ವಾಪಸ್ಸು ಕೇಳುವವರು ಇರಲಿಲ್ಲ. ಪ್ರತಿ ಯುಗಾದಿಗೆ ಡಬ್ಬಿಗಳನ್ನು ಇಳಿಸಿ, ರೀಲು ಬಿಚ್ಚಿ, ನೆರಳಿನಲ್ಲಿ ಗಾಳಿಗಿಟ್ಟು, ಮತ್ತೆ ಸುತ್ತಿ ಇಡುತ್ತೇನೆ. ಗೀರು ಬಿದ್ದಿದೆ, ಆದರೆ ಓಡುತ್ತದೆ. ಹದಿಮೂರು ರೀಲು ಕೊಡುತ್ತೇನೆ. ಹದಿನಾಲ್ಕನೆಯದು ಕೊಡುವುದಿಲ್ಲ.

ಕತ್ತರಿಸಿದ್ದನ್ನು ಕೊಲೆ ಎಂಬಂತೆ ಬರೆದಿದ್ದೀಯ. ಟೆಂಟಿನವರೆಲ್ಲ ಮಾಡುವುದೇ ಅದು. ಚಿತ್ರ ಉದ್ದವಾಗಿ ಕೊನೆ ಬಸ್ಸು ತಪ್ಪುವಂತಿದ್ದರೆ ನಡುವೆ ಒಂದು ಜಗಳದ ದೃಶ್ಯ ಕತ್ತರಿಸುತ್ತೇವೆ. ಹಾಡು ಜನರಿಗೆ ಹಿಡಿಸಿದರೆ ಇನ್ನೊಮ್ಮೆ ಹಾಕುತ್ತೇವೆ. 'ಬೆಳಗಿನ ನೀರು' ಬಂದ ಮೊದಲ ವಾರ ಹೆಂಗಸರ ಕಡೆಯಿಂದ ಅಳುವ ಸದ್ದು ಮಷೀನಿನ ಸದ್ದನ್ನೂ ಮೀರಿತ್ತು. ಎರಡನೇ ವಾರ ಆ ಕಡೆ ಮರಳು ಖಾಲಿ. ಕೇಳಿದರೆ ಚಿಕ್ಕಮಾರಮ್ಮ ಎಂಬಾಕೆ, "ಮನೇಲಿ ನೋಡೋದು ಸಾಲ್ದು ಅಂತ ಟಿಕೀಟ್ ತಗೊಂಡು ಬೇರೆ ನೋಡ್ಬೇಕಾ?" ಎಂದಳು. ಆಮೇಲೆ ಕೊನೆಯ ರೀಲು ತೆಗೆದೆ. ನಾಲ್ಕನೇ ರೀಲಿನ ಹಾಡಿನಲ್ಲಿ ನಾಯಕಿ ತುಂಬಿದ ಕೊಡ ಹೊತ್ತು ನಗುತ್ತಾ ಕೆರೆಯ ಏರಿ ಹತ್ತಿ ಬರುತ್ತಾಳಲ್ಲ, ಆ ತುಂಡನ್ನು ತಂದು ಹದಿಮೂರರ ಬಾಲಕ್ಕೆ ಅಂಟಿಸಿದೆ. ಕೆರೆಗೆ ಹೋದವಳು ನೀರು ತಂದಳು, ಶುಭಂ. ಹಾಡು ಅರ್ಧ ಸಾಲಿಗೇ ನಿಂತುಬಿಡುತ್ತದೆ. ಉಳಿದರ್ಧವನ್ನು ಜನರೇ ಹಾಡಿಕೊಂಡು ಚಪ್ಪಲಿ ಹುಡುಕುತ್ತಿದ್ದರು. ಈ ಸೀಮೆಯಲ್ಲಿ ನಿನ್ನ ಚಿತ್ರ ವರ್ಷಗಟ್ಟಲೆ ಓಡಿದ್ದು ಹೀಗೆ.

ಮಂಗಳಕ್ಕ ಹೋದ ಸುದ್ದಿ ನನಗೆ ತಿಂಗಳಾದ ಮೇಲೆ ಸಿಕ್ಕಿತು. ಕಾಗದ ಬರೆಯಲು ಕೂತೆ, ಯಾರಿಗೆ ಬರೆಯುವುದು ಎಂದು ಎದ್ದೆ.

ಅಡವಿಯಪ್ಪ

*

ತುಮಕೂರು
2 ಸೆಪ್ಟೆಂಬರ್ 1997

ಅಡವಿಯಪ್ಪನಿಗೆ,

ಶುಭಂ ಎಂದು ಬರೆಯಲು ನಿನಗೆ ಕೈ ಹೇಗೆ ಬಂತು?

ನೀನು ಮರೆತಿದ್ದರೆ ನೆನಪಿಸುತ್ತೇನೆ. ಅರವತ್ತೇಳರಲ್ಲಿ ನನ್ನ ಎರಡನೇ ಚಿತ್ರದ ಕಥೆ ಸಿದ್ಧವಿತ್ತು. ಬೆಂಗಳೂರಿನ ದೊಡ್ಡ ಹಂಚಿಕೆದಾರರೊಬ್ಬರು, ಮೊದಲ ಚಿತ್ರದ ಕೊನೆ ಬಹಳ ಚೆನ್ನಾಗಿದೆಯಂತಲ್ಲ, ಒಮ್ಮೆ ನೋಡಿಬಿಡುತ್ತೇನೆ ಎಂದರು. ಪ್ರಿಂಟು ಆಗ ನಿನ್ನ ಟೆಂಟಿನಲ್ಲಿ ಓಡುತ್ತಿತ್ತು. ನಾನು ಮದರಾಸಿನಲ್ಲಿದ್ದವನು, ನೀನು ಮಾಡಿದ್ದು ನನಗೇನು ಗೊತ್ತು? ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹುಲಿಯೂರುದುರ್ಗಕ್ಕೆ ಬಂದೆ. ನೀನು ಮಷೀನಿನ ಪಕ್ಕ ಕುರ್ಚಿ ಹಾಕಿ ಸೋಡಾ ಕೊಟ್ಟೆ. ಒಂದು ಮಾತು ಮೊದಲೇ ಹೇಳಲಿಲ್ಲ. ನಾನು ಅವರ ಪಕ್ಕ ಕೂತು, ಇನ್ನೇನು ಬರುತ್ತದೆ, ಮಂಜು ನೋಡಿ, ಬೆಳಕು ನೋಡಿ ಎನ್ನುತ್ತಿದ್ದೆ. ಬಂದದ್ದು ಏನು? ಕೊಡ ಹೊತ್ತುಕೊಂಡು ನಗುತ್ತಾ ಬಂದಳು. ದೀಪ ಹಾಕಿದರು.

ಅವರು ಎದ್ದು ಪಂಚೆ ಕೊಡವಿಕೊಂಡು, "ಏನ್ರೀ ನರಸಿಂಹಯ್ಯ, ಹೆಂಡ್ತಿ ನೀರು ತಂದ್ಲು ಅನ್ನೋದಕ್ಕೆ ಎರಡೂವರೆ ಗಂಟೆ ಬೇಕಾ?" ಎಂದರು.

ನನ್ನ ಎರಡನೇ ಚಿತ್ರ ಅಲ್ಲಿಗೇ ಮುಗಿಯಿತು. ನಿರ್ದೇಶಕ ಎಂಬ ಹೆಸರೂ ಮುಗಿಯಿತು. ಮತ್ತೆ ಕಿರೀಟ ಹೊತ್ತೆ, ಅದೂ ಸಿಗದಾದಾಗ ಗುಬ್ಬಿಗೆ ಬಂದು ಸ್ಕೂಲ್ ಡೇ ನಾಟಕ ಕಲಿಸಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಮೀಸೆ ಅಂಟಿಸಿದ್ದೇನೆ. ನಿನ್ನ ಬ್ಲೇಡು ಕತ್ತರಿಸಿದ್ದು ಒಂದು ರೀಲು ಎಂದು ನೀನು ತಿಳಿದಿದ್ದೀಯ.

ಆ ದಿನ ಮಂಗಳಾ ಕಾರಿನಲ್ಲೇ ಕುಳಿತಿದ್ದಳು, ಟೆಂಟಿನ ಒಳಗೆ ಬರಲೇ ಇಲ್ಲ. ವಾಪಸ್ಸು ಹೋಗುವಾಗ ದಾರಿಯುದ್ದಕ್ಕೂ ನಾನು ನಿನ್ನನ್ನು ಬೈದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅವಳಿಗೂ ದುಃಖವಾಗಿದೆ ಎಂದು ನಾನು ಇನ್ನಷ್ಟು ಬೈದೆ.

ಲಕ್ಷ್ಮೀಕಾಂತನಿಗೆ ವಕೀಲರ ಪರಿಚಯವಿದೆ. ಅಲ್ಲಿಯವರೆಗೆ ಹೋಗುವಂತೆ ಮಾಡಬೇಡ. ಹದಿನಾಲ್ಕೂ ಡಬ್ಬಿ ಬೇಕು. ಆಮಂತ್ರಣದಲ್ಲಿ 'ಮೂಲ ಅಂತ್ಯದೊಂದಿಗೆ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. 'ಹಾಸ್ಯನಟ' ಇನ್ನೂ ಹಾಗೇ ಇದೆ, ಅದು ಬೇರೆ ರಗಳೆ.

ನಿಟ್ಟೂರು ನರಸಿಂಹಯ್ಯ
ನಿರ್ದೇಶಕ

*

ಹುಲಿಯೂರುದುರ್ಗ
10 ಸೆಪ್ಟೆಂಬರ್ 1997

ನರಸಿಂಹನಿಗೆ,

ವಕೀಲರನ್ನು ಕಳಿಸು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟೆಂಟ್ ಅಡವಿಯಪ್ಪ ಎಂದು ಕೇಳಿದರೆ ತೋರಿಸುತ್ತಾರೆ. ಹದಿಮೂರು ಕೊಡುತ್ತೇನೆ ಎಂದಿದ್ದೇನೆ, ಕೊಡುತ್ತೇನೆ. ಅದರಾಚೆ ಕೇಳಬೇಡ. ಕಾರಣ ಹೇಳಿದ್ದೇನೆ. ಹೇಳಿದ ಕಾರಣ ಸಾಲದು ಎನ್ನಿಸಿದರೆ ಅದು ನಿನ್ನ ಕರ್ಮ.

ಅಡವಿಯಪ್ಪ

*

ತುಮಕೂರು
9 ನವೆಂಬರ್ 1997

ಅಡವಿಯಪ್ಪ ಮಾವನವರಿಗೆ,

ನಮಸ್ಕಾರ. ನನ್ನನ್ನು ನೀವು ನೋಡಿಲ್ಲ. ನಾನು ಶಾಂತಲಾ, ನರಸಿಂಹಯ್ಯನವರ ಮಗಳು, ಇಲ್ಲಿ ಪ್ರೈಮರಿ ಶಾಲೆಯಲ್ಲಿ ಟೀಚರ್. ಅಮ್ಮ ನಿಮ್ಮನ್ನು ಅಡವಿ ಎನ್ನುತ್ತಿದ್ದದ್ದು ನೆನಪಿದೆ. ಅಪ್ಪ ಮನೆಯಲ್ಲಿಲ್ಲದಾಗ ಮಾತ್ರ ಎನ್ನುತ್ತಿದ್ದರು.

ಅಪ್ಪನಿಗೆ ತಿಳಿಯದಂತೆ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ಅವರ ಜೊತೆ ಏಗುವುದು ಕಷ್ಟವಾಗಿದೆ. ಊಟಕ್ಕೆ ಕೂತರೆ ನಿಮ್ಮನ್ನು ಬೈಯುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದರೂ ಕೊನೆಗೆ ಅದು ನಿಮ್ಮ ತಪ್ಪೇ ಆಗುತ್ತದೆ. ಕಿವಿ ಕೇಳದವರ ಜೊತೆ ವಾದ ಮಾಡುವುದೂ ಆಗುವುದಿಲ್ಲ. ನಾನು ಕೂಗಿದರೆ, ನನ್ನ ಮೇಲೆ ಯಾಕೆ ಕಿರುಚುತ್ತೀಯ ಎನ್ನುತ್ತಾರೆ. ನನ್ನ ಗಂಡ ಟಿಫಿನ್ ಮುಗಿಸಿ ಆಫೀಸಿನ ಹೊತ್ತಿಗೆ ಮುಂಚೆಯೇ ಹೊರಡುವುದು ಕಲಿತಿದ್ದಾರೆ.

ನಾನು ಆ ಚಿತ್ರ ನೋಡಿಲ್ಲ. ನಾನು ಗುಬ್ಬಿಯಲ್ಲಿ ಏಳನೇ ಕ್ಲಾಸಿನಲ್ಲಿದ್ದಾಗ ಅದು ಅಲ್ಲಿನ ಟೆಂಟಿಗೆ ಬಂದಿತ್ತು, ಟೀಚರೇ ಇಡೀ ಕ್ಲಾಸನ್ನು ಕರೆದುಕೊಂಡು ಹೋಗುವುದಿತ್ತು. ಅಂದು ಬೆಳಗ್ಗೆ ಅಮ್ಮ, ಹೊಟ್ಟೆ ಕೆಟ್ಟಿದೆ ನಿನಗೆ ಎಂದು ಹರಳೆಣ್ಣೆ ಕುಡಿಸಿದರು. ಹೊಟ್ಟೆ ಕೆಟ್ಟಿರಲಿಲ್ಲ, ಆಮೇಲೆ ಕೆಟ್ಟಿತು. ಮಾರನೆಯ ದಿನ ಗೆಳತಿಯರು, "ನಿಮ್ಮಮ್ಮ ಎಷ್ಟು ಚೆನ್ನಾಗಿ ನಗ್ತಾರೆ ಕಣೇ" ಎಂದು ಬಂದು ಹೇಳಿದರು. ಅಮ್ಮ ನಗುವುದನ್ನು ನಾನು ಅಷ್ಟಾಗಿ ಕಂಡಿರಲಿಲ್ಲ. ನನಗೆ ಬಹಳ ಸಿಟ್ಟು ಬಂದಿತ್ತು.

ಈಗ ಅಪ್ಪ, ಆ ನಗುವುದು ಸುಳ್ಳು, ನಿಮ್ಮಮ್ಮನ ನಿಜವಾದ ಕೆಲಸ ಕೊನೆಯ ರೀಲಿನಲ್ಲಿದೆ, ಅದನ್ನು ನಿನಗೆ ತೋರಿಸಿಯೇ ಸಾಯುತ್ತೇನೆ ಎನ್ನುತ್ತಾರೆ. ನನ್ನನ್ನೂ ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸುತ್ತಾರಂತೆ. ದಯವಿಟ್ಟು ಕೊಟ್ಟುಬಿಡಿ ಮಾವ. ಅವರಿಗಾಗಿ ಅಲ್ಲದಿದ್ದರೆ ನನಗಾಗಿ. ನಾನೂ ಅಮ್ಮನನ್ನು ಒಮ್ಮೆ ಪೂರ್ತಿ ನೋಡಬೇಕು.

ನಿಮ್ಮ
ಶಾಂತಲಾ

*

ಹುಲಿಯೂರುದುರ್ಗ
16 ನವೆಂಬರ್ 1997

ನರಸಿಂಹ,

ಕೊಟ್ಟ ಮಾತು ಮುರಿಯುತ್ತಿದ್ದೇನೆ. ನೀನು ನನ್ನ ಜೀವ ತಿಂದದ್ದಕ್ಕಲ್ಲ, ತಿನ್ನುವುದು ನಿನಗೆ ಅಭ್ಯಾಸ. ನಿನ್ನ ಮಗಳು ಬರೆದಿದ್ದಾಳೆ. ಮುಂದಿನ ಸಾಲಿನಲ್ಲಿ ಕೂರಿಸಿ ತೋರಿಸುತ್ತೀಯಂತೆ. ಅವಳನ್ನು ಬೈಯಬೇಡ.

ಹೆಂಗಸರು ಅತ್ತದ್ದು, ಮರಳು ಖಾಲಿಯಾದದ್ದು ನಿಜ. ಆದರೂ ನಾನು ಆ ರೀಲಿಗೆ ಕೈ ಹಾಕಿರಲಿಲ್ಲ. ನಿನ್ನ ಚಿತ್ರ ಎಂದು ಸುಮ್ಮನಿದ್ದೆ. ಎರಡನೇ ವಾರ ಮಂಗಳಕ್ಕ ಬಂದರು. ನೀನು ಮದರಾಸಿನಲ್ಲಿದ್ದೆ, ಅವರು ಕುಣಿಗಲ್ಲಿನಲ್ಲಿ ಅವರ ತಂಗಿಯ ಮನೆಯಲ್ಲಿದ್ದರು. ಸೆರಗು ಹೊದ್ದು, ದೊಡ್ಡಗಂಗಮ್ಮನ ಪಕ್ಕ ಮರಳಿನ ಮೇಲೆ ಕೂತು ಚಿತ್ರ ನೋಡಿದರು. ಯಾರಿಗೂ ಗುರುತಾಗಲಿಲ್ಲ. ಮಾರನೆಯ ಬೆಳಗ್ಗೆ ನಾನು ರೀಲು ಸುತ್ತುತ್ತಿರುವಾಗ ಬಂದು ಕಂಬ ಹಿಡಿದು ನಿಂತರು.

"ಆ ಕೊನೇದನ್ನ ತೆಗ್ದುಬಿಡೋ ಅಡವಿ" ಎಂದರು.

ನಾನು ಯಾಕಕ್ಕ ಎಂದೆ. ಎಲ್ಲರೂ ಹೊಗಳುವುದು ಅದನ್ನೇ, ನರಸಿಂಹ ನನ್ನ ಕತ್ತು ಕುಯ್ಯುತ್ತಾನೆ ಎಂದೆ.

"ಅಷ್ಟು ದಿನ ಆ ನೀರಲ್ಲಿ ನಿಂತಿದ್ದವಳು ನಾನೊಬ್ಳೇ ಅಲ್ಲ ಕಣೋ" ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ. ಅವರು ಹೋದ ಮೇಲೆ ದೊಡ್ಡಗಂಗಮ್ಮ ಬಿಡಿಸಿ ಹೇಳಿದಳು. ಬಸಿರಿನಲ್ಲಿ ಪುಷ್ಯಮಾಸದ ನೀರಿನಲ್ಲಿ ಎದೆಮಟ್ಟ ನಿಂತಿದ್ದರು. ಮಂಜು ಸರಿಯಾಗಿ ಬರಲಿಲ್ಲ ಎಂದು ನೀನು ದಿನಾ ಬೆಳಗ್ಗೆ ಮತ್ತೆ ಇಳಿಸಿದೆ. ಶೂಟಿಂಗ್ ಮುಗಿದ ವಾರದಲ್ಲೇ ಕುಣಿಗಲ್ಲಿನಲ್ಲಿ ಹೋಯಿತು. ಬಸಿರಿದ್ದದ್ದು ನಿನಗೆ ಮೊದಲೇ ಗೊತ್ತಿತ್ತು ಎಂದು ಅಕ್ಕ ಹೇಳಲಿಲ್ಲ. ಗೊತ್ತಿರಲಿಲ್ಲ ಎಂದೂ ಹೇಳಲಿಲ್ಲ. ನಾನು ಕೇಳಲಿಲ್ಲ.

ಇನ್ನೊಂದು ವಿಷಯ. ಕೊನೆ ತೆಗೆದರೆ ಅಲ್ಲಿಗೆ ಏನು ಹಾಕಲಿ ಎಂದು ನಾನೇ ಕೇಳಿದೆ. ಅಕ್ಕ ಎಲ್ಲಾ ರೀಲೂ ಬಿಚ್ಚಿಸಿದರು. ಬಿಸಿಲಿಗೆ ಹಿಡಿದು ಒಂದೊಂದೇ ಚಿತ್ರ ನೋಡಿ, ನಾಲ್ಕನೇ ರೀಲಿನ ಆ ತುಂಡನ್ನು ಬೆರಳಿನಲ್ಲಿ ಅಳೆದು ತೋರಿಸಿದರು. ಇಲ್ಲಿಂದ ಇಲ್ಲಿಗೆ ಎಂದರು. ಬ್ಲೇಡು ನನ್ನದು ಅಷ್ಟೆ. "ಅವರಿಗೆ ಹೇಳ್ಬೇಡ, ಆ ಸೀನ್ ಅಂದ್ರೆ ಪ್ರಾಣ ಅವರಿಗೆ" ಎಂದರು. ಹೂಂ ಎಂದೆ.

ನೀನು ಆ ಹಂಚಿಕೆದಾರನನ್ನು ಕರೆತಂದ ದಿನ ಅಕ್ಕ ಕಾರಿನಲ್ಲಿ ಕೂತದ್ದನ್ನು ನಾನೂ ನೋಡಿದೆ. ಈಗಲಾದರೂ ಬಂದು ಹೇಳುತ್ತಾರೆ ಎಂದುಕೊಂಡೆ. ನೀನು ಎಲ್ಲರೆದುರಿಗೆ ನನ್ನ ಕೆನ್ನೆಗೆ ಹೊಡೆದೆ. ಅವರು ಗಾಜು ಏರಿಸಿಕೊಂಡರು. ಅದಕ್ಕೆ ಅವರ ಮೇಲೆ ನನಗೆ ಸ್ವಲ್ಪ ಸಿಟ್ಟಿತ್ತು. ಸತ್ತವರ ಮೇಲೆ ಸಿಟ್ಟಿಟ್ಟುಕೊಂಡು ಏನು ಮಾಡುವುದು?

ಈಗ ಹೇಳು, ಹದಿನಾಲ್ಕನೆಯದು ಬೇಕೋ?

ಅಡವಿ

*

ತುಮಕೂರು
14 ಡಿಸೆಂಬರ್ 1997

ಅಡವಿಯಪ್ಪ,

ಕಾಗದ ತಲುಪಿತು.

ಕುಣಿಗಲ್ಲಿನಲ್ಲಿ ಡಾಕ್ಟರು ಅದು ಬಸ್ಸಿನ ಕುಲುಕಾಟದಿಂದ ಆಗಿರಬೇಕು ಎಂದರು. ನಾನೂ ಹಾಗೇ ತಿಳಿದೆ. ಆಗಿನ ರಸ್ತೆ ನಿನಗೆ ಗೊತ್ತು. ಮದರಾಸಿನಿಂದ ತಂದ ಕ್ಯಾಮೆರಾ ಮರುವಾರ ಹಿಂದಿರುಗಿಸಬೇಕಿತ್ತು. ಮಂಜು ಇದ್ದ ದಿನ ಸೂರ್ಯ ಇಲ್ಲ, ಸೂರ್ಯ ಇದ್ದ ದಿನ ಮಂಜು ಇಲ್ಲ. ಅವಳು ಆಗುವುದಿಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ಕಂಪನಿಯಲ್ಲಿ ಬೆಳೆದವರು ನಾವು, ಜ್ವರ ಬಂದರೂ ಬಣ್ಣ ಹಚ್ಚುತ್ತಿದ್ದೆವು, ಅದು ನಿನಗೂ ಗೊತ್ತು.

ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೆ ತಿಳಿಯದು.

ಹದಿನಾಲ್ಕೂ ಕಳಿಸು.

ನರಸಿಂಹಯ್ಯ

*

ಹುಲಿಯೂರುದುರ್ಗ
2 ಜನವರಿ 1998

ನರಸಿಂಹ,

ಕಳಿಸಿದ್ದೇನೆ. ತುಮಕೂರು ಬಸ್ಸಿನ ಕಂಡಕ್ಟರ್ ಗಂಗರಾಜು ನನ್ನ ಟೆಂಟಿನಲ್ಲಿ ಟಿಕೆಟ್ ಹರಿದವನು, ಅವನ ಕೈಯಲ್ಲಿ. ಕೊನೆಯ ಡಬ್ಬಿಗೆ ಕೆಂಪು ದಾರ ಕಟ್ಟಿದ್ದೇನೆ. ಅದನ್ನು ಹದಿಮೂರಕ್ಕೆ ಮತ್ತೆ ಅಂಟಿಸಿಲ್ಲ. ಅದು ನನ್ನಿಂದಾಗದು, ಬೇಕಾದರೆ ನೀನೇ ಅಂಟಿಸಿಕೋ.

ದೊಡ್ಡಗಂಗಮ್ಮ ಇಲ್ಲಿಯ ಹೆಂಗಸರನ್ನು ಒಂದು ಮೆಟಡೋರಿನಲ್ಲಿ ತುಂಬಿಕೊಂಡು ನಿನ್ನ ಸನ್ಮಾನಕ್ಕೆ ಬರುತ್ತಾಳಂತೆ. ನನಗೆ ಮಂಡಿ ನೋವು, ಬರಲಾಗುವುದಿಲ್ಲ.

ಅಡವಿ

*

ತುಮಕೂರು
19 ಜನವರಿ 1998

ಅಡವಿ,

ನಿನ್ನ ಮಂಡಿಗೆ ಏನೂ ಆಗಿಲ್ಲವಂತೆ. ದೊಡ್ಡಗಂಗಮ್ಮ ಬಂದವಳೇ, "ನಿಮ್ ಮುಖ ನೋಡಕ್ಕೆ ಹೆದರ್ಕೊಂಡವ್ರೆ, ಅಷ್ಟೇಯ" ಎಂದು ಹೇಳಿಬಿಟ್ಟಳು. ಈ ಊರಿಗೆ ಬಂದ ಮೇಲೆ ನೇರವಾಗಿ ನನ್ನ ಎಡಗಿವಿಯ ಕಡೆಗೇ ಬಂದು ಮಾತನಾಡಿದವಳು ಅವಳೊಬ್ಬಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಸನ್ಮಾನದ ಹಿಂದಿನ ದಿನ ಆಪರೇಟರಿಗೆ ಹೇಳಿ, ಖಾಲಿ ಥಿಯೇಟರಿನಲ್ಲಿ ಹದಿನಾಲ್ಕನೇ ರೀಲು ಒಂದನ್ನೇ ಹಾಕಿಸಿಕೊಂಡು ನೋಡಿದೆ. ನೀನು ಅದನ್ನು ಬಹಳ ಚೆನ್ನಾಗಿ ಇಟ್ಟಿದ್ದೀಯ. ಒಂದು ಗೀರಿಲ್ಲ. ಹದಿಮೂರು ರೀಲುಗಳಲ್ಲಿ ಗೀರುಗಳ ಮಳೆ ಸುರಿಯುತ್ತದೆ, ಇದೊಂದು ನಿನ್ನೆ ತೊಳೆದಂತಿದೆ. ಮಂಜು ಇದೆ, ಅದರ ಹಿಂದೆ ಸೂರ್ಯ ಇದ್ದಾನೆ, ನೀರು ಅಲ್ಲಾಡುವುದಿಲ್ಲ. ಮಂಗಳಾ ಇಳಿಯುತ್ತಾಳೆ. ಮುಳುಗುವ ಮುನ್ನ ತಿರುಗಿ ನೋಡುತ್ತಾಳೆ. ಬದುಕನ್ನೇ ಕೊನೆಯ ಬಾರಿ ನೋಡುವ ನೋಟ ಎಂದು ಪತ್ರಿಕೆಯವರು ಬರೆದಿದ್ದರು, ನಾನೂ ಅದನ್ನೇ ನಂಬಿಕೊಂಡು ಬಂದೆ. ಅವಳು ನೋಡುತ್ತಿರುವುದು ಏರಿಯ ಕಡೆಗಲ್ಲ, ಊರಿನ ಕಡೆಗೂ ಅಲ್ಲ. ಕ್ಯಾಮೆರಾದ ಎಡಕ್ಕೆ, ಸ್ವಲ್ಪ ಮೇಲೆ. ಅಲ್ಲಿ ಕೊಡೆ ಹಿಡಿದುಕೊಂಡು ನಾನು ನಿಂತಿದ್ದೆ. ಸಾಕೇ ಎಂದು ಕೇಳುತ್ತಿದ್ದಾಳೆ.

ನೀನು ಕೇಳದೆ ಬಿಟ್ಟ ಪ್ರಶ್ನೆಗೆ ನಾನೂ ಉತ್ತರ ಬರೆಯುವುದಿಲ್ಲ.

ಮಾರನೆಯ ದಿನ ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಬಂತು. ಲಕ್ಷ್ಮೀಕಾಂತ್ ಬಹಳ ಹೊತ್ತು ಮಾತನಾಡಿದ, ಕೇಳಿಸದಿರುವುದರ ಸುಖ ನನಗೆ ಆಗ ಗೊತ್ತಾಯಿತು. ಆಟ ಶುರುವಾಗುವ ಮುಂಚೆ ನಾನು ಮೇಲೆ ಹತ್ತಿ ಆಪರೇಟರಿಂದ ಕೆಂಪು ದಾರದ ಡಬ್ಬಿ ಇಸಿದುಕೊಂಡು ಬಂದು, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದಲ್ಲಿದ್ದ ಶಾಂತಲಾ, "ಏನಪ್ಪಾ ಅದು?" ಎಂದಳು. ನೀರು ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಕಿವುಡರು ಏನೇನೋ ಉತ್ತರ ಕೊಡುತ್ತಾರೆ ಎಂದುಕೊಂಡಳೋ, ಬೇರೆ ಏನಾದರೂ ತಿಳಿದುಕೊಂಡಳೋ. ನಾನು ಇನ್ನೂ ಹೇಳಿಲ್ಲ.

ಹದಿಮೂರನೇ ರೀಲು ಮುಗಿಯಿತು. ಈಗ ನಿನಗೊಂದು ಮಾತು. ನಾಯಕಿ ಕೆರೆಗೆ ಹೋಗುವಾಗ ಕೊಡ ಎಡ ಸೊಂಟದಲ್ಲಿದೆ. ಬರುವಾಗ ಬಲ ಸೊಂಟದಲ್ಲಿದೆ. ಹೋಗುವಾಗ ಬಿಳಿ ಸೀರೆ, ಬರುವಾಗ ಚೌಕಳಿ ಸೀರೆ. ಜೋಡಿಸಿದ ಜಾಗದಲ್ಲಿ ಪರದೆಯೇ ಒಮ್ಮೆ ಜಿಗಿಯುತ್ತದೆ. ಇಷ್ಟು ವರ್ಷ ಮಷೀನು ಓಡಿಸಿದವನಿಗೆ ಎರಡು ತುಂಡು ನೆಟ್ಟಗೆ ಅಂಟಿಸಲು ಬರಲಿಲ್ಲವೇ? ಇಡೀ ಸೀಮೆಯ ಜನ ನೋಡಿದ್ದಾರೆ, ಸೀರೆ ಯಾವಾಗ ಬದಲಾಯಿಸಿದಳು ಎಂದು ಒಬ್ಬರಾದರೂ ಕೇಳಲಿಲ್ಲವೇ?

ಅವಳು ಏರಿ ಹತ್ತಿ ಬಂದಳು. ನಕ್ಕಳು. ಅಷ್ಟಕ್ಕೇ ನಿಂತಿತು. ದೀಪ ಹಾಕಿದಾಗ ಹಿಂತಿರುಗಿ ನೋಡಿದೆ. ನಿನ್ನ ಊರಿನ ಹೆಂಗಸರು ಸಾಲಾಗಿ ಕಾಲಿನಲ್ಲಿ ಚಪ್ಪಲಿ ತಡಕುತ್ತಿದ್ದರು. ಎಲ್ಲರ ತುಟಿಗಳೂ ಅಲ್ಲಾಡುತ್ತಿದ್ದವು. ಏನು ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ, ನೀನು ಬರೆದದ್ದು ನೆನಪಾಯಿತು, ಹಾಡಿನ ಉಳಿದರ್ಧ. ಶಾಂತಲಾ ಕಣ್ಣು ಒರೆಸಿಕೊಳ್ಳದೆ ಅವರನ್ನೇ ನೋಡುತ್ತಿದ್ದಳು.

ಬಳಗದ ಅಧ್ಯಕ್ಷರಿಗೆ ಕೋಪ ಬಂದಿತ್ತು. ಆಮಂತ್ರಣದಲ್ಲಿ ಮೂಲ ಅಂತ್ಯ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೀರಿ, ಇದೇನು ಎಂದು ಕಾಗದದಲ್ಲಿ ಬರೆದು ತೋರಿಸಿದರು. ಇದೇ ಎಂದೆ. ಹಾಗಾದರೆ ಸಂಕಲನ ಯಾರದು, ಹೆಸರೇ ಬರಲಿಲ್ಲವಲ್ಲ ಎಂದು ಲಕ್ಷ್ಮೀಕಾಂತ್ ಬಲಗಿವಿಯಲ್ಲಿ ಕೂಗಿದ. ಬೇರೆಯವರು ಅದನ್ನು ಬರೆದು ತೋರಿಸಬೇಕಾಯಿತು. ಸರ್ವಮಂಗಳಮ್ಮ ಎಂದೆ. ಅವರು ನಾಯಕಿ ಅಲ್ಲವೇ ಸರ್ ಎಂದು ಅವನೂ ಬರೆದು ತೋರಿಸಿದ. ಎರಡೂ ಅವಳೇ ಎಂದೆ. ಯಜಮಾನರಿಗೆ ಮರೆವು ಎಂದು ಅವನು ಶಾಂತಲಾಳಿಗೆ ಹೇಳಿದನಂತೆ. ಇಂದಿನ ಸ್ಥಳೀಯ ಪತ್ರಿಕೆಯಲ್ಲಿ ವರದಿ ಬಂದಿದೆ. ಸಂಕಲನದ ವಿಷಯ ಒಂದಕ್ಷರ ಇಲ್ಲ. 'ಹಿರಿಯ ಹಾಸ್ಯನಟನಿಗೆ ಸನ್ಮಾನ' ಎಂದು ತಲೆಬರಹ.

ಹದಿಮೂರು ಡಬ್ಬಿಗಳನ್ನು ಬಳಗದವರು ಜೋಪಾನ ಮಾಡುತ್ತಾರಂತೆ, ಮಾಡಲಿ. ಕೆಂಪು ದಾರದ್ದು ನನ್ನ ಮಂಚದ ಕೆಳಗಿದೆ. ಸುಟ್ಟುಬಿಡೋಣ ಎಂದು ನಿನ್ನೆ ಹಿತ್ತಿಲಿಗೆ ಒಯ್ದಿದ್ದೆ. ಆಗಲಿಲ್ಲ. ಬೆಳಕು ಅಷ್ಟು ಚೆನ್ನಾಗಿ ಬಂದಿದೆ ಅಡವಿ. ನನ್ನ ಕಷ್ಟವೇ ಅದು.

ಇಲ್ಲಿ ಅದನ್ನು ಇಡಲು ನನ್ನಿಂದಾಗದು. ಇಷ್ಟು ದಿನ ಎಲ್ಲಿತ್ತೋ ಅಲ್ಲೇ, ನಿನ್ನ ಅಟ್ಟದ ಮೇಲೆ ಇಡು. ಯುಗಾದಿಗೆ ಗಾಳಿಗೆ ಹಾಕುತ್ತೀಯೋ ಬಿಡುತ್ತೀಯೋ, ನಾನು ಕೇಳುವುದಿಲ್ಲ. ಬಂದು ತೆಗೆದುಕೊಂಡು ಹೋಗು. ಗಂಗರಾಜುವನ್ನು ಕಳಿಸಬೇಡ, ನೀನೇ ಬಾ.

ಬಂದಾಗ ನನ್ನ ಎಡಗಡೆ ಕೂತುಕೋ.

ನರಸಿಂಹ